ಭುವಿಯ ಸಹಿ

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಕನ್ನಡ ಬಳಗ. ನವೆಂಬರ್ ತಿಂಗಳ ರಾಜ್ಯೋತ್ಸವ ಸಂಚಿಕೆಗೆ ಬಂದ ಬರಹಗಳನ್ನು ಆರಿಸುವ ಕೆಲಸ ಇಬ್ಬರ ಪಾಲಿಗೆ ಬಂದಿದೆ. ಒಬ್ಬರು ಸಂಪಾದಕರು, ಇನ್ನೊಬ್ಬರು ಸಹಸಂಪಾದಕಿ. ಮುಂದಿರುವುದು ‘ಕನ್ನಡತಿ’ ಧಾರಾವಾಹಿಯ ಪಾತ್ರಗಳನ್ನು ಇಟ್ಟುಕೊಂಡು ಸಹೋದ್ಯೋಗಿಯೊಬ್ಬರು ಹವ್ಯಾಸಕ್ಕೆ ಬರೆದ ಕಥೆ.

ಸಂಪಾದಕ: ಕಥೆ ಸೊಗಸಾಗಿದೆ ಮೇಡಂ, ಅದರಲ್ಲಿ ಎರಡು ಮಾತಿಲ್ಲ. ಭಾಷೆ ಹದವಾಗಿದೆ, ಎಲ್ಲೂ ಎಳೆದಾಡಿಲ್ಲ. ನನ್ನ ತಕರಾರು ಬೇರೆ. ಭುವನೇಶ್ವರಿ, ಹರ್ಷ, ರತ್ನಮಾಲಾ, ಈ ಮೂವರಲ್ಲಿ ಒಬ್ಬರನ್ನೂ ನಮ್ಮ ಕಥೆಗಾರ್ತಿ ಹುಟ್ಟಿಸಿದ್ದಲ್ಲ. 2020ರಿಂದ 2023ರವರೆಗೆ ಕಲರ್ಸ್ ಕನ್ನಡದಲ್ಲಿ ಬಂದ ಧಾರಾವಾಹಿಯ ಪಾತ್ರಗಳು ಅವು. ಅದಕ್ಕೆ ಕಥೆ ಬರೆದವರಿದ್ದಾರೆ, ಸಂಭಾಷಣೆ ಬರೆದವರಿದ್ದಾರೆ, ದುಡ್ಡು ಹಾಕಿದವರಿದ್ದಾರೆ. ರಂಜನಿ ರಾಘವನ್, ಕಿರಣ್ ರಾಜ್, ಚಿತ್ಕಳಾ ಬಿರಾದಾರ್ ಅವರ ಮುಖ ಬಿಟ್ಟು ಆ ಪಾತ್ರಗಳನ್ನು ನೆನೆಸಿಕೊಳ್ಳಲೂ ಆಗುವುದಿಲ್ಲ. ಇನ್ನೊಬ್ಬರು ಕಟ್ಟಿಸಿದ ಮನೆಗೆ ನಾವು ಗೃಹಪ್ರವೇಶದ ಕಾರ್ಡು ಹಂಚಿದ ಹಾಗೆ ಆಗುವುದಿಲ್ಲವೇ? ವರ್ಷಕ್ಕೊಮ್ಮೆ ಬರುವ ಸಂಚಿಕೆ ಇದು. ಇಂಗ್ಲಿಷಿನಲ್ಲೇ ದಿನವೆಲ್ಲ ಕಳೆಯುವ ನಮ್ಮ ಜನಕ್ಕೆ ಸ್ವಂತದ್ದೊಂದು ಕನ್ನಡ ಬರಹ ಅಚ್ಚಾಗಿ ನೋಡುವ ಅವಕಾಶ ಇರುವುದೇ ಇಲ್ಲಿ. ಅದು ನಿಜವಾಗಿ ಸ್ವಂತದ್ದೇ ಆಗಿರಲಿ ಎನ್ನುವುದು ನನ್ನ ಆಸೆ.

ಸಹಸಂಪಾದಕಿ: ಪಾತ್ರ ಯಾರದು ಎಂಬ ಪ್ರಶ್ನೆಗೆ ಖಂಡಿತ ಬರೋಣ ಸರ್. ಅದಕ್ಕೆ ಮೊದಲು ಈ ಕಥೆ ಮಾಡಿರುವ ಕೆಲಸ ಏನು ಎಂದು ನೋಡಬೇಕು. ಧಾರಾವಾಹಿಯಲ್ಲಿ ಹರ್ಷನ ತಾಯಿ ರತ್ನಮಾಲಾ ತನ್ನ ಆಸ್ತಿಯನ್ನು ಸೌಪರ್ಣಿಕಾ ಎಂಬ ಹೆಸರಿಗೆ ಬರೆದಿಡುತ್ತಾಳೆ. ಸೌಪರ್ಣಿಕಾ ಎಂದರೆ ಭುವನೇಶ್ವರಿ, ನಮ್ಮ ಭುವಿಯೇ. ಅಲ್ಲಿ ಆ ವಿಲ್ ಕೆಲಸ ಮಾಡುವುದು ಗುಟ್ಟಾಗಿ: ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ, ಗೊತ್ತಾದ ದಿನ ಮನೆಯಲ್ಲಿ ಏನು ನಡೆದೀತು. ನಮ್ಮ ಕಥೆಗಾರ್ತಿ ಆ ಗುಟ್ಟನ್ನು ಮೊದಲ ಪುಟದಲ್ಲೇ ಬಿಟ್ಟುಕೊಟ್ಟಿದ್ದಾರೆ. ಎಲ್ಲರಿಗೂ ಎಲ್ಲವೂ ಗೊತ್ತಾಗಿದೆ, ಯಾರೂ ಹೊಂಚು ಹಾಕುತ್ತಿಲ್ಲ. ತಿಂಗಳ ಐದನೇ ತಾರೀಕು, ಏಳರೊಳಗೆ ಹರ್ಷ ನಡೆಸುವ ಕಂಪನಿಯ ಎಲ್ಲರ ಸಂಬಳ ಹಾಕಬೇಕು. ಬ್ಯಾಂಕಿನಲ್ಲಿ ಸಹಿಯ ಅಧಿಕಾರ ಬದಲಾಗಿದೆ, ಹರ್ಷನ ಸಹಿಗೆ ಇನ್ನು ಹಣ ಬಿಡುಗಡೆಯಾಗದು, ಭುವಿಯದೇ ಬೇಕು. ಅಕೌಂಟ್ಸ್‌ನ ಹುಡುಗನೊಬ್ಬ ಕೆವೈಸಿ ಫಾರಂ ಹಿಡಿದು ಅವಳ ಸ್ಟಾಫ್‌ರೂಮಿಗೆ ಬರುತ್ತಾನೆ. ಫಾರಂನಲ್ಲಿ ‘ಉದ್ಯೋಗ’ ಎಂಬ ಕಾಲಂ. ಅವಳು ‘ಶಿಕ್ಷಕಿ’ ಎಂದು ಬರೆಯುತ್ತಾಳೆ. ‘ಹಾಗೆ ಬರೆದರೆ ವಾಪಸ್ ಬರುತ್ತೆ ಮೇಡಂ, ಡೈರೆಕ್ಟರ್ ಅಂತ ಬರೀಬೇಕು’ ಎನ್ನುತ್ತಾನೆ ಹುಡುಗ. ಅವಳು ಪೆನ್ನು ಹಿಡಿದು ಕೂತೇ ಇರುತ್ತಾಳೆ. ಹೊರಗೆ ಕಾರಿನಲ್ಲಿ ಹರ್ಷ ಕಾದಿದ್ದಾನೆ. ಒಳಗೆ ಬಂದರೆ ಹೆಂಡತಿಯ ಹತ್ತಿರ ಸಹಿ ಕೇಳಿದ ಹಾಗಾಗುತ್ತದೆ, ಹೊರಟುಹೋದರೆ ಸಿಟ್ಟು ಮಾಡಿಕೊಂಡ ಹಾಗಾಗುತ್ತದೆ. ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾದವರ ನಡುವೆ ಸಹಿಯ ಅಧಿಕಾರ ಬಂದು ಕೂತರೆ ಸಂಬಂಧಕ್ಕೆ ಏನಾಗುತ್ತದೆ ಎನ್ನುವುದು ಆ ವಿಲ್ಲಿನ ಒಳಗೇ ಇದ್ದ ಪ್ರಶ್ನೆ. ಗುಟ್ಟು ಗುಟ್ಟಾಗಿರುವವರೆಗೆ ಅದನ್ನು ಕೇಳಲು ಎಡೆಯಿಲ್ಲ. ಸಂಬಳದ ತಾರೀಕಿನ ಸಂಕಟ ಬಲ್ಲ ಒಬ್ಬರು, ಪೇರೋಲ್ ಸಾಫ್ಟ್‌ವೇರಿನ ಪಕ್ಕದಲ್ಲೇ ಕೆಲಸ ಮಾಡುವ ಒಬ್ಬರು, ಅದನ್ನು ಕೇಳಿದ್ದಾರೆ. ಧಾರಾವಾಹಿ ಇರುವುದು ಮುಂದುವರಿಯುವುದಕ್ಕೆ, ಅಭಿಮಾನಿ ಬರೆಯುವ ಕಥೆ ಇರುವುದು ಒಂದು ಘಟನೆಗೆ ಅದರ ಪರಿಣಾಮವನ್ನು ದೊರಕಿಸಿ ಮುಗಿಸುವುದಕ್ಕೆ. ಈ ವ್ಯತ್ಯಾಸದಲ್ಲೇ ಇಂಥ ಬರವಣಿಗೆಯ ಬೆಲೆ ಇದೆ ಎಂಬುದು ನನ್ನ ವಾದ.

ಸಂಪಾದಕ: ಅಂದರೆ ಧಾರಾವಾಹಿ ಬರೆಯುವವರಿಗೆ ಇದು ಹೊಳೆಯುವುದಿಲ್ಲ ಎಂದು ನಿಮ್ಮ ಅಭಿಪ್ರಾಯವೇ? ಅಲ್ಲಿ ಪಳಗಿದ ಕೈಗಳೇ ಇವೆ.

ಸಹಸಂಪಾದಕಿ: ಹೊಳೆಯದೆ ಏನು ಸರ್, ನಮಗಿಂತ ಮೊದಲೇ ಹೊಳೆದಿರುತ್ತದೆ. ಆದರೆ ಅವರು ಕೆಲಸ ಮಾಡುವ ವ್ಯವಸ್ಥೆ ಅದಕ್ಕೆ ಬಿಡುವುದಿಲ್ಲ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ವಾರಕ್ಕೆ ಐದೋ ಆರೋ ಕಂತು. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಗುರುವಾರ ಬಾರ್ಕ್‌ನ ರೇಟಿಂಗ್ ಬರುತ್ತದೆ. ಅದನ್ನು ನೋಡಿ ಒಂದು ಟ್ರ್ಯಾಕನ್ನು ಎಳೆಯುತ್ತಾರೆ, ಇನ್ನೊಂದನ್ನು ಕತ್ತರಿಸುತ್ತಾರೆ. ಪ್ರತಿ ಕಂತಿನ ಕೊನೆಗೆ ನಾಳೆ ಮತ್ತೆ ಟಿವಿ ಹಾಕಿಸುವ ಒಂದು ಕೊಕ್ಕೆ ಬೇಕು. ಬಾಗಿಲ ಮರೆಯಲ್ಲಿ ನಿಂತು ಅರ್ಧ ಮಾತು ಕೇಳಿಸಿಕೊಳ್ಳುವ ದೃಶ್ಯ ಅಷ್ಟು ಸಲ ಬರುವುದು ಇದೇ ಕಾರಣಕ್ಕೆ. ನಾಯಕಿ ಅರ್ಧ ಮಾತು ಕೇಳಿ ಕಣ್ಣೀರು ಹಾಕಿ ಹೋದರೆ ಮೂರು ವಾರದ ಕಥೆ ಸಿಕ್ಕಿತು. ಈಗ ಒಬ್ಬ ಅಭಿಮಾನಿ ಅದೇ ದೃಶ್ಯವನ್ನು ಎತ್ತಿಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ನಾಯಕಿಯ ಕೈಯಲ್ಲಿ ಬಾಗಿಲು ತೆಗೆಸುತ್ತಾಳೆ, ‘ಈಗ ಏನಂದ್ರಿ?’ ಎಂದು ಕೇಳಿಸುತ್ತಾಳೆ. ಅಪಾರ್ಥ ಒಂದು ನಿಮಿಷದಲ್ಲಿ ಕರಗಿಹೋಯಿತು. ಕಷ್ಟ ಶುರುವಾಗುವುದು ಅಲ್ಲಿಂದ. ಅಪಾರ್ಥ ಹೋದ ಮೇಲೂ ಈ ಇಬ್ಬರ ನಡುವೆ ಏನಾದರೂ ಜಗಳ ಉಳಿದಿದೆಯೇ ಎಂದು ಹುಡುಕಬೇಕು. ಉಳಿದಿದ್ದರೆ ಅದು ಸ್ವಭಾವದ ಜಗಳ, ಹಣದ ಜಗಳ, ಯಾರ ಅಮ್ಮ ಯಾರ ಮನೆಯಲ್ಲಿ ಇರಬೇಕು ಎಂಬ ಜಗಳ. ಬರೆಯುವುದನ್ನು ನಿಜವಾಗಿ ಕಲಿಯುವ ಜಾಗ ಅದು. ಧಾರಾವಾಹಿ ಮುಗಿಯಲಾರದು ಎಂಬುದಕ್ಕೆ ಉದಾಹರಣೆ ಬೇಕೆಂದರೆ ‘ಜೊತೆ ಜೊತೆಯಲಿ’ ನೋಡಿ. ಮರಾಠಿಯ ‘ತುಲಾ ಪಾಹತೇ ರೇ’ 2018ರಲ್ಲಿ ಶುರುವಾಗಿ 2019ರಲ್ಲಿ ಮುಗಿದುಹೋಯಿತು. ಅದರ ಕನ್ನಡ ರೂಪ 2019ರಿಂದ 2023ರವರೆಗೆ ನಡೆಯಿತು. ನಡುವೆ 2022ರಲ್ಲಿ ಆರ್ಯವರ್ಧನನ ಪಾತ್ರಧಾರಿಯೇ ಬದಲಾದರು, ಬೇರೆ ಮುಖಕ್ಕೆ ಕಥೆಯೊಳಗೇ ಕಾರಣ ಹುಡುಕಬೇಕಾಯಿತು. ಮೂಲ ಕಥೆ ಮುಗಿದ ಮೇಲೆ ಉಳಿದ ವರ್ಷಗಳನ್ನು ತುಂಬಿದ ಆ ಬರಹಗಾರರ ಶ್ರಮವನ್ನು ನಾನು ಕಡಿಮೆ ಎನ್ನುವುದಿಲ್ಲ. ಆದರೆ ಅವರಿಗೆ ಇಲ್ಲದಿದ್ದ ಒಂದು ಸ್ವಾತಂತ್ರ್ಯ ನಮ್ಮ ಕಥೆಗಾರ್ತಿಗೆ ಇದೆ. ಮುಗಿಯಿತು ಅನ್ನಿಸಿದಾಗ ಅವರು ನಿಲ್ಲಿಸಬಹುದು.

ಸಂಪಾದಕ: ಸರಿ, ಒಪ್ಪೋಣ. ಹಾಗಿದ್ದರೆ ಆ ಪ್ರಶ್ನೆಯನ್ನು ತನ್ನದೇ ಪಾತ್ರಗಳಲ್ಲಿ ಕೇಳಬಹುದಿತ್ತಲ್ಲ? ಶಾಲೆಯ ಮೇಡಂ ಒಬ್ಬರು, ಕಂಪನಿ ನಡೆಸುವ ಗಂಡ, ಅತ್ತೆ ಬರೆದಿಟ್ಟ ವಿಲ್. ಹೆಸರು ಬದಲಾಯಿಸಿದರೆ ಯಾರ ಹಂಗೂ ಇಲ್ಲ. ಇದು ನಾನು ಹೊಸದಾಗಿ ಕೇಳುತ್ತಿರುವ ಪ್ರಶ್ನೆಯೂ ಅಲ್ಲ. ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ನಾಟಕ ತಂದಾಗ ಮಾಸ್ತಿ ಎತ್ತಿದ ಆಕ್ಷೇಪವೇ ಇದು. ಹಳೆಯ ಕಥೆಯನ್ನು ತನಗೆ ಬೇಕಾದ ಹಾಗೆ ತಿರುಗಿಸುವುದು ಬೇಡ, ಹೊಸ ವಿಚಾರ ಹೇಳುವುದಿದ್ದರೆ ಹೊಸ ಕಥೆಯನ್ನೇ ಕಟ್ಟಬಹುದಲ್ಲ ಎಂಬುದು ಅವರ ಧೋರಣೆ. ಮಾಸ್ತಿಯಂಥ ಕಥೆಗಾರರ ಮಾತು ಅದು.

ಸಹಸಂಪಾದಕಿ: ಈ ವಿಷಯದಲ್ಲಿ ಅದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿಲ್ಲ ಸರ್. ಅದಕ್ಕೇ ಅದನ್ನು ಪೂರ್ತಿ ನೋಡಬೇಕು. ಉತ್ತರಕಾಂಡದಲ್ಲಿ ರಾಮ ಶಂಬೂಕನನ್ನು ಕೊಲ್ಲುತ್ತಾನೆ. ಕುವೆಂಪು ಅವರ ನಾಟಕದಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಮುಟ್ಟುವುದಿಲ್ಲ, ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತದೆ, ಅವನ ಕಣ್ಣು ತೆರೆಯುತ್ತದೆ. ಇದೇ ವಿಚಾರವನ್ನು ಹೆಸರಿಲ್ಲದ ಒಬ್ಬ ತಪಸ್ವಿ, ಹೆಸರಿಲ್ಲದ ಒಬ್ಬ ರಾಜನನ್ನು ಇಟ್ಟು ಬರೆದಿದ್ದರೆ ಏನಾಗುತ್ತಿತ್ತು? ಒಳ್ಳೆಯ ನೀತಿಕಥೆಯಾಗುತ್ತಿತ್ತು. ಯಾರ ಎದೆಗೂ ತಾಗುತ್ತಿರಲಿಲ್ಲ. ಏಕೆಂದರೆ ಪ್ರೇಕ್ಷಕ ಬರುವಾಗಲೇ ಶಂಬೂಕನ ಸಾವನ್ನು ತಲೆಯಲ್ಲಿ ಇಟ್ಟುಕೊಂಡು ಬಂದಿರುತ್ತಾನೆ. ಆ ಸಾವು ನಡೆಯದೆ ಹೋದ ಕ್ಷಣದಲ್ಲಿ ಅವನ ಒಳಗೆ ಆಗುವ ಅಲುಗಾಟವೇ ನಾಟಕದ ನಿಜವಾದ ವಸ್ತು. ಕವಿ ಕೆಲಸ ಮಾಡುತ್ತಿರುವುದು ಓದುಗನ ನೆನಪಿನ ಮೇಲೆ. ಪಂಪ 941ರ ಸುಮಾರಿನಲ್ಲೇ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಐದು ಜನ ಗಂಡಂದಿರ ಕಥೆ ಬಲ್ಲವರಿಗೆ ಮಾತ್ರ ಅದು ಒಂದು ತೀರ್ಮಾನ ಎಂದು ತಿಳಿಯುತ್ತದೆ. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಸೀತೆಯೊಬ್ಬಳೇ ಇಳಿದ ಕಥೆಯನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರಿಗೆ ಆ ಒಂದು ಹೆಜ್ಜೆಯಲ್ಲಿ ಎಷ್ಟು ವಾದ ಅಡಗಿದೆ ಎಂದು ಗೊತ್ತು. ಈಗ ನಮ್ಮ ಕಥೆಗೆ ಬನ್ನಿ. ಭುವಿ ಕನ್ನಡದ ಮೇಡಂ. ಕಂತು ಮುಗಿದ ಮೇಲೆ ‘ಸರಿಗನ್ನಡಂ ಗೆಲ್ಗೆ’ ಎಂದು ಬಂದು ಯಾವ ಪದ ಸರಿ, ಯಾವುದು ತಪ್ಪು ಎಂದು ನೋಡುಗರಿಗೆ ಹೇಳಿಕೊಟ್ಟವಳು. ಅಂಥವಳು ಒಂದು ಕಾಲಂ ಮುಂದೆ ಯಾವ ಪದ ಬರೆಯಬೇಕೆಂದು ತಿಳಿಯದೆ ಕೂರುತ್ತಾಳೆ. ಮೂರು ವರ್ಷ ಅವಳ ಜೊತೆ ಊಟದ ಹೊತ್ತು ಕಳೆದವರಿಗೆ ಆ ಮೌನದ ಭಾರ ಗೊತ್ತಾಗುತ್ತದೆ. ಹೆಸರು ಬದಲಿಸಿ ಸವಿತಾ ಎಂದು ಮಾಡಿದರೆ ಅದೇ ಭಾರ ಹುಟ್ಟಿಸಲು ಇನ್ನೂರು ಪುಟ ಬೇಕು. ಹಾಗೆ ಬರೆದದ್ದೂ ಒಳ್ಳೆಯ ಕಾದಂಬರಿಯಾಗಬಹುದು, ಆದರೆ ಅದು ಬೇರೆ ಕೃತಿ. ಮಾಸ್ತಿಯವರ ದಾರಿ ಹಿಡಿದವರು ಹೊಸ ಮನುಷ್ಯನನ್ನು ತೋರಿಸುತ್ತಾರೆ. ಇದನ್ನು ಬರೆದವರು ನಾವೆಲ್ಲ ಬಲ್ಲವಳನ್ನೇ ನಾವು ಪೂರ್ತಿ ನೋಡಿರಲಿಲ್ಲ ಎಂದು ತೋರಿಸುತ್ತಿದ್ದಾರೆ.

ಸಂಪಾದಕ: ನೀವು ಪಂಪನನ್ನೂ ಕುವೆಂಪುವನ್ನೂ ತಂದದ್ದರಿಂದ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು ಮೇಡಂ. ರಾಮಾಯಣ, ಮಹಾಭಾರತ ಯಾರೊಬ್ಬರ ಸೊತ್ತೂ ಅಲ್ಲ. ಸಾವಿರ ಜನ ಹೇಳಿದ್ದಾರೆ, ಇನ್ನೂ ಸಾವಿರ ಜನ ಹೇಳುತ್ತಾರೆ. ಧಾರಾವಾಹಿ ಹಾಗಲ್ಲ. ಅದಕ್ಕೆ ಒಡೆಯರಿದ್ದಾರೆ, ಹಕ್ಕುಪತ್ರ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುತ್ತೀರಿ?

ಸಹಸಂಪಾದಕಿ: ತೂಗುವುದಿಲ್ಲ ಸರ್. ಈ ವ್ಯತ್ಯಾಸ ನಿಜವಾದದ್ದು, ಅದನ್ನು ಮರೆಮಾಚಿ ವಾದ ಗೆಲ್ಲುವುದು ನನಗೆ ಬೇಡ. ಕಾನೂನಿನಿಂದಲೇ ಶುರುಮಾಡೋಣ. 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಚಾರಕ್ಕೆ, ವಸ್ತುವಿಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಇದೆ ಎಂದಿತು. ಆದರೆ ಪಾತ್ರದ ಹೆಸರು, ಸ್ವಭಾವ, ಪೂರ್ವಕಥೆ ಎಲ್ಲವನ್ನೂ ಹಾಗೆಯೇ ಎತ್ತಿಕೊಂಡರೆ ಅದು ಬರೀ ವಿಚಾರ ಎನ್ನುವುದು ಕಷ್ಟ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಲೇಖಕನ ಗೌರವಕ್ಕೆ ಕುಂದು ತರುವ ವಿರೂಪದ ವಿರುದ್ಧವೂ ರಕ್ಷಣೆ ಕೊಡುತ್ತದೆ. ಅಂದರೆ ಅಭಿಮಾನಿ ನಿಂತಿರುವ ನೆಲ ಅಷ್ಟೇನೂ ಗಟ್ಟಿಯಲ್ಲ. ಆದರೂ ನಮ್ಮ ಕಾನೂನು ಹವ್ಯಾಸಿಯನ್ನು ವ್ಯಾಪಾರಿಯ ಸಾಲಿನಲ್ಲಿ ನಿಲ್ಲಿಸಿಲ್ಲ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕು ಅವರ ಉಯಿಲಿನಂತೆ ಮಾಲಿನಿ ಮಲ್ಯ ಅವರಿಗೆ ಸೇರಿತ್ತು. ಮಣಿಪಾಲದ ಅಕಾಡೆಮಿಯ ಜೊತೆಗಿನ ಆ ವ್ಯಾಜ್ಯ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ, ಹಕ್ಕನ್ನು ಎತ್ತಿಹಿಡಿದ ಕೋರ್ಟು 52ನೇ ಸೆಕ್ಷನ್ ಕೊಡುವ ವಿನಾಯಿತಿಗಳು ಅನ್ವಯಿಸುತ್ತವೆ ಎಂದೂ ಹೇಳಿತು. ಟಿಕೆಟ್ ಇಲ್ಲದ ಪ್ರೇಕ್ಷಕರ ಮುಂದೆ ಹವ್ಯಾಸಿ ತಂಡ ಆಡುವುದು ಆ ವಿನಾಯಿತಿಗಳಲ್ಲಿ ಒಂದು. ಅದು ಪ್ರದರ್ಶನಕ್ಕೆ ಸಂಬಂಧಿಸಿದ್ದು, ಬರಹಕ್ಕೆ ನೇರವಾಗಿ ಒಪ್ಪುವುದಿಲ್ಲ ಎಂದು ನನಗೂ ಗೊತ್ತು. ಅದರ ಹಿಂದಿರುವ ನ್ಯಾಯಬುದ್ಧಿ ಮಾತ್ರ ನನಗೆ ಮುಖ್ಯ. ಕಾಸು ಮಾಡಿಕೊಳ್ಳದೆ, ಯಾರದ್ದೆಂದು ಹೇಳಿ, ಮೂಲದ ಸಾಲುಗಳನ್ನು ಎತ್ತಿಕೊಳ್ಳದೆ ಬರೆದರೆ ಒಡೆಯನಿಗೆ ನಷ್ಟವಾಗುವುದು ಏನೂ ಇಲ್ಲ. ‘ಟ್ವೈಲೈಟ್’ ಕಾದಂಬರಿಗಳ ಮೇಲೆ ಬರೆದ ಅಭಿಮಾನಿ ಕಥೆಯೊಂದು ಹೆಸರು ಬದಲಿಸಿಕೊಂಡು 2011ರಲ್ಲಿ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಆಗಿ ಮಾರಾಟಕ್ಕೆ ಬಂತು. ನನ್ನನ್ನು ಕೇಳಿದರೆ, ಹೆಸರು ಬದಲಿಸಿ ಮಾರುವುದಕ್ಕಿಂತ ಹೆಸರು ಉಳಿಸಿಕೊಂಡು ಸುಮ್ಮನೆ ಹಂಚುವುದು ಹೆಚ್ಚು ಪ್ರಾಮಾಣಿಕ. ನಮ್ಮ ಸಂಚಿಕೆಗೆ ಬೆಲೆ ಇಲ್ಲ, ಜಾಹೀರಾತೂ ಇಲ್ಲ.

ಇನ್ನೊಂದು ಮಾತು ಇದೆ. ಕನ್ನಡ ಟಿವಿ ಬೆಳೆದದ್ದೇ ಇನ್ನೊಬ್ಬರ ಕಥೆಯನ್ನು ತನ್ನದಾಗಿಸಿಕೊಂಡು. ಚಿತ್ರೋದ್ಯಮದ ವಿರೋಧದಿಂದಾಗಿ ದಶಕಗಳ ಕಾಲ ಇಲ್ಲಿ ಡಬ್ಬಿಂಗ್ ಇರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ತಪ್ಪು ಎಂದಿತು. 2020ರ ಲಾಕ್‌ಡೌನ್ ಹೊತ್ತಿಗೆ ‘ಮಹಾನಾಯಕ’ದಂಥ ಡಬ್ಬಿಂಗ್ ಧಾರಾವಾಹಿಗಳು ಮನೆಮನೆಗೆ ಬಂದವು, ಹಳ್ಳಿಗಳಲ್ಲಿ ಜನ ತಾವೇ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ಅದಕ್ಕೆ ಮುಂಚೆ ಹಿಂದಿಯದೋ ಮರಾಠಿಯದೋ ಕಥೆ ಬೇಕೆಂದರೆ ಮತ್ತೆ ಬರೆಯಲೇಬೇಕಿತ್ತು. ‘ಬಾಲಿಕಾ ವಧು’ ಇಲ್ಲಿ ‘ಪುಟ್ಟಗೌರಿ ಮದುವೆ’ ಆಯಿತು. ಆ ಅಭ್ಯಾಸ ಈಗಲೂ ಇದೆ, ‘ಬಡೇ ಅಚ್ಛೇ ಲಗತೇ ಹೈ’ 2023ರಲ್ಲಿ ‘ಅಮೃತಧಾರೆ’ ಆಗಿದೆ. ರಾಜಸ್ಥಾನದ ಹವೇಲಿಯ ಕಥೆಗೆ ಕನ್ನಡದ ಅಡುಗೆಮನೆ, ಕನ್ನಡದ ಅಜ್ಜಿ, ಕನ್ನಡದ ಬೈಗುಳ ಕೊಡುವುದು ಸಣ್ಣ ಕೆಲಸವಲ್ಲ. ಹಕ್ಕು ಕೊಂಡು ಮಾಡುತ್ತಾರೆ, ಆ ವ್ಯತ್ಯಾಸವನ್ನು ಹೇಳಲೇಬೇಕು. ಆದರೆ ಹಕ್ಕು ಕೊಳ್ಳುವುದರಿಂದ ಅನುಮತಿ ಸಿಗುತ್ತದೆ, ಸೃಜನಶೀಲತೆ ಸಿಗುವುದಿಲ್ಲ. ಅದು ಬಂದದ್ದು ಮತ್ತೆ ಬರೆದವರ ಕೈಯಿಂದ. ‘ಮಹಾಸಂಗಮ’ ಎಂದು ಎರಡು ಧಾರಾವಾಹಿಗಳ ಪಾತ್ರಗಳನ್ನು ಒಂದೇ ಮನೆಯಲ್ಲಿ ಸೇರಿಸುತ್ತಾರಲ್ಲ, ಅದು ಅಭಿಮಾನಿಗಳು ಎಲ್ಲ ದೇಶದಲ್ಲೂ ಮೊದಲಿಂದ ಬರೆದುಕೊಂಡು ಬಂದ ಬಗೆಯ ಕಥೆಯೇ. ವಾಹಿನಿ ಮಾಡಿದಾಗ ಯಾರೂ ಅದನ್ನು ಸ್ವಂತಿಕೆ ಇಲ್ಲದ್ದು ಎನ್ನುವುದಿಲ್ಲ.

ಸಂಪಾದಕ: ಈ ಒಂದು ಕಥೆಯ ಬಲದ ಮೇಲೆ ನೀವು ಇಡೀ ಜಾತಿಯ ಬರಹಕ್ಕೆ ವಕಾಲತ್ತು ಹಾಕುತ್ತಿದ್ದೀರಿ. ಪ್ರತಿಲಿಪಿಯಲ್ಲಿ, ವಾಟ್‌ಪ್ಯಾಡಿನಲ್ಲಿ ಇಂಥವನ್ನು ತೆರೆದು ನೋಡಿ. ಮುಕ್ಕಾಲು ಪಾಲು ಪ್ರೇಮ, ಮುನಿಸು, ಮತ್ತೆ ಪ್ರೇಮ. ಕಾಗುಣಿತವೂ ಸರಿಯಿರುವುದಿಲ್ಲ. ಇನ್ನು ಕೆಲವರು ಪಾತ್ರವನ್ನು ಬಿಟ್ಟು ನಟನಟಿಯರನ್ನೇ ಹಿಡಿಯುತ್ತಾರೆ. ತೆರೆಯ ಮೇಲೆ ಗಂಡಹೆಂಡತಿ ಆದವರು ನಿಜವಾಗಲೂ ಹಾಗೇ ಇರಬೇಕೆಂದು ಬರೆಯುತ್ತಾರೆ.

ಸಹಸಂಪಾದಕಿ: ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದರಲ್ಲಿ ನಾನು ನಿಮ್ಮ ಕಡೆಗೇ ಇದ್ದೇನೆ. ಭುವಿ ಒಂದು ಪಾತ್ರ, ಅವಳ ಬಗ್ಗೆ ಏನು ಬೇಕಾದರೂ ಊಹಿಸಬಹುದು. ಆ ಪಾತ್ರ ಮಾಡಿದವರು ಮನೆಮಠ ಇರುವ ಮನುಷ್ಯರು, ಸಂಜೆ ಮೇಕಪ್ ತೆಗೆದು ತಮ್ಮ ಬದುಕಿಗೆ ಹೋಗುವವರು. ಅವರ ಮದುವೆ, ಅವರ ಸ್ನೇಹ ಯಾರ ಕಥೆಗೂ ಸಾಮಗ್ರಿಯಲ್ಲ. ಈ ಗೆರೆ ದಾಟಿದ ಬರಹ ಎಷ್ಟೇ ಚೆನ್ನಾಗಿದ್ದರೂ ನಾನು ಅಚ್ಚಿಗೆ ಒಪ್ಪುವುದಿಲ್ಲ. ಪ್ರೇಮಕಥೆಗಳೇ ಹೆಚ್ಚು ಎಂಬುದು ನಿಜ. ಅಚ್ಚಾದ ಕಾದಂಬರಿಗಳಲ್ಲೂ ಹೆಚ್ಚಿನವು ಅವೇ. ಹವ್ಯಾಸದ ಬರಹವನ್ನು ಅದರ ಸರಾಸರಿಯಿಂದ ಅಳೆಯುವುದಾದರೆ ಭಾವಗೀತೆಗೂ ಉಳಿಗಾಲ ಇಲ್ಲ. ಯಾರು ಬರೆಯುತ್ತಾರೆ, ಯಾವ ಹೊತ್ತಿನಲ್ಲಿ ಬರೆಯುತ್ತಾರೆ ಎನ್ನುವುದನ್ನೂ ನೋಡಬೇಕು. ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿಗಳು 1967ರಲ್ಲಿ ‘ಸ್ಪಾಕನೇಲಿಯಾ’ ಎಂಬ ಪತ್ರಿಕೆಯನ್ನು ತಾವೇ ತಂದರು. ಅದನ್ನು ತಂದವರು ಹೆಂಗಸರು, ಆ ಧಾರಾವಾಹಿಯ ಮೇಲೆ ಮುಂದೆ ಕಥೆ ಬರೆದವರಲ್ಲೂ ಹೆಂಗಸರೇ ಹೆಚ್ಚು. ತೆರೆಯ ಮೇಲೆ ಹೆಣ್ಣಿಗೆ ಸಿಗದ ಜಾಗವನ್ನು ಅವರು ಕಾಗದದ ಮೇಲೆ ಮಾಡಿಕೊಂಡರು. ನಮ್ಮ ಸುತ್ತ ನೋಡಿ. ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಮೆಷಿನ್‌ಶಾಪಿನಲ್ಲಿ ಎರಡರಿಂದ ಹತ್ತರ ಶಿಫ್ಟಿಗೆ ಹೋದವರಿಗೆ ಪ್ರೈಮ್ ಟೈಮ್ ಎನ್ನುವುದೇ ಇಲ್ಲ, ನಿನ್ನೆಯ ಕಂತನ್ನು ಇವತ್ತು ಮೊಬೈಲಿನಲ್ಲಿ ನೋಡಬೇಕು. ವೈಟ್‌ಫೀಲ್ಡಿನ ಕ್ಯಾಬಿನಲ್ಲಿ, 2025ರ ಆಗಸ್ಟಿನಿಂದ ಬೊಮ್ಮಸಂದ್ರದ ಹಳದಿ ಮಾರ್ಗದ ಮೆಟ್ರೊದಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡುವವರೂ ಅದೇ ಜನ. ಇವರು ದಿನಕ್ಕೆ ಎಂಟೊಂಬತ್ತು ಗಂಟೆ ದುಡಿಯುತ್ತಾರೆ. ಇವರು ನೋಡುವ ನಾಯಕಿಗೆ ಕೆಲಸ ಎನ್ನುವುದು ಪರಿಚಯದ ಒಂದು ಸಾಲು, ಆಮೇಲೆ ಕಥೆಯೆಲ್ಲ ಹಾಲಿನಲ್ಲಿ, ಅಡುಗೆಮನೆಯಲ್ಲಿ. ಮನೆಯ ಒಂದೇ ಸೆಟ್ಟಿನಲ್ಲಿ ದಿನಕ್ಕೆ ಒಂದು ಕಂತು ಮುಗಿಸಬೇಕಾದವರಿಗೆ ಕಾರ್ಖಾನೆ ತೋರಿಸುವುದು ಖರ್ಚಿನ ಬಾಬತ್ತು. ಬರೆಯುವವಳಿಗೆ 200 ಮೆಷಿನ್‌ಗಳ ಫ್ಲೋರ್ ತೋರಿಸಲು ಒಂದು ವಾಕ್ಯ ಸಾಕು. ಈ ಕಥೆಯಲ್ಲಿ ಕೆವೈಸಿ ಫಾರಂ ಬಂದದ್ದು ಆ ಅನುಭವದ ಬಲದಿಂದ. ತಾನು ಬಲ್ಲ ದಿನದ ಹೊತ್ತನ್ನು ತಾನು ಮೆಚ್ಚಿದ ಪಾತ್ರಕ್ಕೆ ಕೊಟ್ಟಿದ್ದಾಳೆ.

ಸಂಪಾದಕ: ಬಲ್ಲದ್ದನ್ನು ಕೊಟ್ಟಳು, ಒಪ್ಪಿದೆ. ಆದರೆ ಕಟ್ಟುಪಾಡೇ ಇಲ್ಲದ ಬರವಣಿಗೆ ಸಡಿಲವಾಗುತ್ತದೆ. ಹರ್ಷನನ್ನು ಒಂದು ಕಥೆಯಲ್ಲಿ ಸಾಯಿಸಿ, ಇನ್ನೊಂದರಲ್ಲಿ ಬದುಕಿಸಿ, ಮತ್ತೊಂದರಲ್ಲಿ ಅವನನ್ನು ಪೊಲೀಸ್ ಮಾಡಿದರೆ ಕೇಳುವವರು ಯಾರು?

ಸಹಸಂಪಾದಕಿ: ಕೇಳುವವರು ಓದುಗರೇ ಸರ್, ಅವರಷ್ಟು ಕಠಿಣವಾಗಿ ಯಾವ ವಿಮರ್ಶಕರೂ ಕೇಳುವುದಿಲ್ಲ. ‘ನಮ್ಮ ಭುವಿ ಹೀಗೆ ಮಾತಾಡಲ್ಲ’ ಎಂಬ ಒಂದು ಮಾತು ಬಂದರೆ ಆ ಕಥೆ ಅಲ್ಲಿಗೆ ಬಿದ್ದುಹೋಯಿತು. ಈ ಕಟ್ಟುಪಾಡು ನಮಗೆ ಹೊಸದಲ್ಲ, ಕರಾವಳಿಯ ತಾಳಮದ್ದಳೆಯಲ್ಲಿ ಇದನ್ನು ಕಲೆಯಾಗಿಯೇ ಬೆಳೆಸಿದ್ದಾರೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಆ ಪಾತ್ರವಾಗಿ ಆಶುವಾಗಿ ಮಾತಾಡುತ್ತಾನೆ. ಪದ್ಯ ಬದಲಾಗುವಂತಿಲ್ಲ, ಕೊನೆಗೆ ವಾಲಿ ಸಾಯಲೇಬೇಕು. ಆದರೆ ಸಾಯುವ ಮೊದಲು ಮರೆಯಲ್ಲಿ ನಿಂತು ಬಾಣ ಬಿಟ್ಟದ್ದಕ್ಕೆ ವಾಲಿ ರಾಮನನ್ನು ಎಷ್ಟು ಬೇಕಾದರೂ ಕೇಳಬಹುದು, ರಾಮ ಉತ್ತರ ಹೇಳಲೇಬೇಕು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಜನ ರಾತ್ರಿಯಿಡೀ ಕೂತು ಕೇಳಿದ್ದು ಮುಂದೇನಾಗುತ್ತದೆ ಎಂಬ ಕುತೂಹಲಕ್ಕಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿರುವ ಕಥೆಯೊಳಗೆ ಇನ್ನೂ ಹೇಳದೆ ಉಳಿದ ಮಾತು ಎಷ್ಟಿದೆ ಎಂದು ನೋಡುವುದಕ್ಕೆ. ನಮ್ಮ ಕಥೆಗಾರ್ತಿಯೂ ಧಾರಾವಾಹಿಯಲ್ಲಿ ನಡೆದ ಒಂದು ಘಟನೆಯನ್ನೂ ಅಳಿಸಿಲ್ಲ, ಗಮನಿಸಿ. ರತ್ನಮಾಲಾ ಸತ್ತಿದ್ದಾಳೆ, ವಿಲ್ ಹಾಗೇ ಇದೆ, ಹರ್ಷನ ಸಿಡುಕು ಹಾಗೇ ಇದೆ. ಅಷ್ಟನ್ನೂ ಇಟ್ಟುಕೊಂಡು, ಆ ನಿಯಮಗಳೊಳಗೇ ಇದ್ದು, ಮಾತಿಗೆ ಜಾಗ ಮಾಡಿದ್ದಾರೆ.

ಸಂಪಾದಕ: ಕೊನೆಯದಾಗಿ ಒಂದು. ಇವರಿಗೆ ಕೈ ಇದೆ. ಇಂಥದ್ದರಲ್ಲೇ ಮುಳುಗಿದರೆ ಸ್ವಂತ ಕಥೆ ಯಾವಾಗ ಬರೆಯುತ್ತಾರೆ? ಭುವಿಯನ್ನು ಬರೆದ ಮೇಲೆ ಇನ್ನೊಂದು ಧಾರಾವಾಹಿಯ ಇನ್ನೊಬ್ಬಳು. ಒಳ್ಳೆಯ ಬರಹಗಾರ್ತಿಯೊಬ್ಬಳು ಬಾಡಿಗೆ ಪಾತ್ರಗಳಲ್ಲೇ ಕಳೆದುಹೋಗುವುದು ನನಗೆ ಬೇಸರ.

ಸಹಸಂಪಾದಕಿ: ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಹವ್ಯಾಸಕ್ಕೆ ಏಣಿ ಹಾಕುವುದು ಏಕೆ ಸರ್? ಭಾನುವಾರ ಮನೆಯಲ್ಲಿ ಹಾರ್ಮೋನಿಯಂ ಹಿಡಿದು ದೇವರನಾಮ ಹಾಡುವವರನ್ನು ‘ಸ್ವಂತ ರಚನೆ ಯಾವಾಗ?’ ಎಂದು ನಾವು ಕೇಳುವುದಿಲ್ಲ. ಬರೆಯುವವಳು ಮುಂದೆ ಸ್ವಂತದ್ದು ಬರೆದರೆ ಸಂತೋಷ, ಬರೆಯದಿದ್ದರೆ ಇದು ವ್ಯರ್ಥವಾಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇಂಥ ಕಥೆಗಳ ಅಗತ್ಯ ಎಷ್ಟಿದೆ ಎನ್ನುವುದಕ್ಕೆ ಟಿ. ಎನ್. ಸೀತಾರಾಂ ಅವರ ಧಾರಾವಾಹಿಗಳನ್ನೇ ನೋಡಿ. 2018ರಲ್ಲಿ ಶುರುವಾದ ‘ಮಗಳು ಜಾನಕಿ’ 2020ರ ಲಾಕ್‌ಡೌನ್ ಕಾಲದಲ್ಲಿ ಕಥೆ ದಡ ಸೇರುವ ಮೊದಲೇ ನಿಂತಿತು. ನೋಡುವವರಿಗೆ ಅದು ಪ್ರೇಮದ ಮುನಿಸಲ್ಲ, ಒಬ್ಬ ಹುಡುಗಿ ತನ್ನ ನ್ಯಾಯಕ್ಕಾಗಿ ಏನು ಮಾಡಿಯಾಳು ಎಂಬ ಪ್ರಶ್ನೆ. ಎರಡು ವರ್ಷ ಅವಳ ಜೊತೆ ನಡೆದವರು ಆ ಪ್ರಶ್ನೆಯನ್ನು ಎಲ್ಲಿ ಇಳಿಸಬೇಕು? ಸೀತಾರಾಂ ಅವರ 1998ರ ‘ಮಾಯಾಮೃಗ’ ಚಂದನದಲ್ಲಿ ಮುಗಿದು ಇಪ್ಪತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ, 2022ರಲ್ಲಿ ಅವರೇ ‘ಮತ್ತೆ ಮಾಯಾಮೃಗ’ ಎಂದು ಸಿರಿಕನ್ನಡ ವಾಹಿನಿಯಲ್ಲಿ ಅದೇ ಪಾತ್ರಗಳ ಮುಂದಿನ ತಲೆಮಾರಿನ ಕಥೆ ಹೇಳಿದರು. ಆ ಪಾತ್ರಗಳು ಅಷ್ಟು ವರ್ಷ ಎಲ್ಲಿದ್ದವು? ನೋಡಿದವರ ಮನಸ್ಸಿನಲ್ಲಿ ಬೆಳೆಯುತ್ತಾ, ವಯಸ್ಸಾಗುತ್ತಾ ಇದ್ದವು. ಇಲ್ಲದಿದ್ದರೆ ಮತ್ತೆ ಬಂದಾಗ ಗುರುತು ಹಿಡಿಯುವವರೇ ಇರುತ್ತಿರಲಿಲ್ಲ. ಎಲ್ಲ ಧಾರಾವಾಹಿಗೂ ಮೂಲ ಲೇಖಕ ಮರಳಿ ಬರುವುದಿಲ್ಲ. ಬಾರದಿದ್ದಾಗ ಆ ನಡುವಿನ ವರ್ಷಗಳಲ್ಲಿ ಏನಾಯಿತು ಎಂದು ಬರೆದಿಡುವ ಒಬ್ಬರು ಎಲ್ಲೋ ಇರುವುದು ಕಥೆಗೂ ಒಳ್ಳೆಯದು, ಅದನ್ನು ಪ್ರೀತಿಸಿದವರಿಗೂ ಒಳ್ಳೆಯದು. ಈ ಕಥೆಯಲ್ಲಿ ಭುವಿ ಕೊನೆಗೆ ಆ ಕಾಲಂನಲ್ಲಿ ಎರಡೂ ಪದ ಬರೆಯುತ್ತಾಳೆ, ನಡುವೆ ಒಂದು ಅಡ್ಡಗೆರೆ. ಹುಡುಗ ಫಾರಂ ತೆಗೆದುಕೊಂಡು ಹೋಗುತ್ತಾನೆ, ಬ್ಯಾಂಕು ಒಪ್ಪುತ್ತದೋ ಇಲ್ಲವೋ ಕಥೆ ಹೇಳುವುದಿಲ್ಲ. ಹರ್ಷ ಕಾರಿನ ಬಾಗಿಲು ತೆಗೆದು ಕೊಡುತ್ತಾನೆ, ಅವಳು ಹಿಂದಿನ ಸೀಟಿನಲ್ಲಿ ಪೇಪರುಗಳ ಕಟ್ಟು ಇಟ್ಟು ಮುಂದೆ ಬಂದು ಕೂರುತ್ತಾಳೆ. ಆಸ್ತಿಯ ಪ್ರಶ್ನೆ ಇನ್ನೂ ಹಾಗೇ ಇದೆ. ಆದರೆ ಇಬ್ಬರೂ ಅದನ್ನು ಮಾತಾಡುವ ಸ್ಥಿತಿಗೆ ಬಂದರು. ಇಷ್ಟನ್ನು ಒಬ್ಬ ಹವ್ಯಾಸಿ ಮಾಡಿದ್ದಾಳೆ, ಇನ್ನೇನು ಬೇಕು?

ಸಂಪಾದಕ: ಪಾತ್ರ ಯಾರದು ಎಂಬುದರಲ್ಲಿ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ ಮೇಡಂ, ಅದನ್ನು ಹಾಗೇ ಇಟ್ಟುಕೊಳ್ಳುತ್ತೇನೆ. ಆದರೆ ಕಥೆ ಹೋಗಲಿ. ಮೂರು ಬದಲಾವಣೆ ಆಗಬೇಕು. ಶೀರ್ಷಿಕೆಯ ಕೆಳಗೆ ಧಾರಾವಾಹಿಯ ಹೆಸರು, ವಾಹಿನಿಯ ಹೆಸರು, ಇದು ಅನುಮತಿ ಪಡೆದ ಮುಂದುವರಿಕೆ ಅಲ್ಲ ಎಂಬ ಮಾತು ಸ್ಪಷ್ಟವಾಗಿ ಬರಲಿ. ಅವರು ಕಳಿಸಿರುವ ನಟನಟಿಯರ ಫೋಟೊ ಬೇಡ. ಒಂಬತ್ತನೇ ಪುಟದಲ್ಲಿ ಎರಡು ಸಾಲು ಧಾರಾವಾಹಿಯ ಸಂಭಾಷಣೆಯೇ ಇರುವ ಹಾಗಿದೆ, ಅದನ್ನು ತೆಗೆದು ತಮ್ಮ ಮಾತಿನಲ್ಲಿ ಬರೆಯಲಿ.

ಸಹಸಂಪಾದಕಿ: ನಾಲ್ಕನೆಯದು ನನ್ನದು ಸರ್. ಏಳನೇ ಪುಟದಲ್ಲಿ ಹರ್ಷ ಒಂದು ಫೋನ್ ಮಾತನ್ನು ಅರ್ಧ ಕೇಳಿ ಬೇಸರ ಮಾಡಿಕೊಳ್ಳುತ್ತಾನೆ. ಅದು ಧಾರಾವಾಹಿಯಿಂದ ಅಂಟಿಕೊಂಡು ಬಂದ ಅಭ್ಯಾಸ, ಕಥೆಗೆ ಬೇಕಿಲ್ಲ. ಅದನ್ನು ಕೈಬಿಡಲು ಹೇಳುತ್ತೇನೆ. ಅರ್ಧ ಪುಟ ಉಳಿಯುತ್ತದೆ, ಆ ಜಾಗವನ್ನು ಕಾರಿನಲ್ಲಿ ಕಾಯುವ ದೃಶ್ಯಕ್ಕೆ ಕೊಡಬಹುದು. ಹತ್ತನೇ ತಾರೀಕಿನೊಳಗೆ ತಿದ್ದಿ ಕಳಿಸಿದರೆ ಪ್ರೆಸ್ಸಿಗೆ ಸಮಯಕ್ಕೆ ಹೋಗುತ್ತದೆ.